ಹಗ್ಗ ನಮ್ಮದು, ಗಂಟು ನಿಮ್ಮದು

ಊಟಿ ರಸ್ತೆಗೆ ಅಂಟಿಕೊಂಡು ಹೊಲ, ಮನೆಯಲ್ಲೊಂದು ಟ್ರ್ಯಾಕ್ಟರ್ ಇದ್ದವರಿಗೆ ಇಂಥ ಫಜೀತಿಗಳು ಕರೆಯದೆಯೇ ಬರುತ್ತವೆ. ತೊಂಬತ್ತರ ದಶಕದಲ್ಲಿ ನಮ್ಮ ಹಂಗಳದ ಸುತ್ತ ಕೆಟ್ಟು ನಿಂತ ಗಾಡಿಗಳಿಗೆಲ್ಲ ನಮ್ಮಪ್ಪನೇ ದಿಕ್ಕು. ಆನೆ ತಿರುಗುವ ಕಡೆ ಜನರನ್ನು ಬಿಟ್ಟು ಬರಲು ಅವನಿಗೆ ಮನಸ್ಸಾಗುತ್ತಿರಲಿಲ್ಲ. ಈಗ ಅಪ್ಪನಿಲ್ಲ, ಆ ಟ್ರ್ಯಾಕ್ಟರೂ ಇಲ್ಲ. ನೆನೆದರೆ ನಗು ಬರುತ್ತದೆ.

೧. ಬಂಪರ್

ಊಟಿಗೆ ಹೊರಟಿದ್ದ ಕಾರೊಂದು ಚರಂಡಿಗೆ ಇಳಿದಿತ್ತು. ಅಪ್ಪ ಬಂಪರಿಗೆ ಹಗ್ಗ ಬಿಗಿದು, ಹಿಂದೆ ತಿರುಗಿ ನೋಡದೆ ಟ್ರ್ಯಾಕ್ಟರ್ ಓಡಿಸಿದ. ಇಂಜಿನ್ನಿನ ಸದ್ದಿಗೆ ಕಾರಿನವರ ಕೂಗು ಕೇಳಿಸಲಿಲ್ಲ. ಎಷ್ಟು ಸಲೀಸಾಗಿ ಬಂತಲ್ಲ ಎಂದು ಬೀಗುತ್ತಾ ಊರು ಮುಟ್ಟಿದಾಗ ಟೀ ಅಂಗಡಿಯವನು ಹಗ್ಗದ ತುದಿ ನೋಡಿ ಕೇಳಿದ: "ಏನಣ್ಣ, ಮೀಸೆ ಮಾತ್ರ ತಂದಿದ್ದೀಯ, ಮೊಕ ಎಲ್ಲಿ?"

೨. ಆಣೆ

ಈ ಸುದ್ದಿ ಗುಂಡ್ಲುಪೇಟೆಯ ಇನ್ಶೂರೆನ್ಸ್ ಏಜೆಂಟರ ಕಿವಿಗೂ ಬಿತ್ತು. ಮನೆಗೆ ಬಂದು, ಕಾಫಿ ಕುಡಿದು, ಚೆನ್ನಾಗಿ ಬೈದರು. ಪಾಲಿಸಿ ಇರುವುದು ವ್ಯವಸಾಯಕ್ಕೆ ಮಾತ್ರ, ಕಾರು ಎಳೆಯುವಾಗ ಯಾರಿಗಾದರೂ ಏಟಾದರೆ ಕೇಸು ನಿಮ್ಮ ತಲೆಗೇ, ಟ್ರ್ಯಾಕ್ಟರ್ ಮಾರಿದರೂ ತೀರುವುದಿಲ್ಲ ಎಂದರು. ನಮ್ಮ ಅನ್ನವೇ ಆ ಟ್ರ್ಯಾಕ್ಟರ್. ಅಮ್ಮ ಅವತ್ತೇ ಹಗ್ಗವನ್ನು ಅಟ್ಟಕ್ಕೆ ಎಸೆದಳು.

ಎರಡು ದಿನ ಬಿಟ್ಟು ಅಪ್ಪ ಹಗ್ಗ ಕೆಳಗಿಳಿಸಿ ತನ್ನದೇ ಕಾನೂನು ತಂದ. ಹಗ್ಗ ನಮ್ಮದು, ಗಂಟು ಗಾಡಿಯವರದು. ಗಂಟು ಹಾಕುವಾಗ ಅವರು, ಏನಾದರೂ ಆದರೆ ತಪ್ಪು ನಮ್ಮದೇ ಎಂದು ಮಾದಪ್ಪನ ಮೇಲೆ ಆಣೆ ಇಡಬೇಕು. ಕೇರಳದ ಜೀಪಿನವನೊಬ್ಬ ಮಾದಪ್ಪ ಗೊತ್ತಿಲ್ಲವೆಂದು ತನ್ನ ಊರ ದೇವರ ಮೇಲೆ ಆಣೆಯಿಟ್ಟ. ಅಪ್ಪ ಚಿಂತೆಗೆ ಬಿದ್ದು ನನ್ನ ಕಡೆ ತಿರುಗಿದ: "ಆ ದೇವ್ರು ನಮ್ ತಾಲ್ಲೂಕಿಗೆ ಬತ್ತದಾ?"

೩. ವ್ಯವಸಾಯ

ಮುಂದಿನ ಮಳೆಗಾಲದಲ್ಲಿ ಪಾಲಿಸಿ ರಿನ್ಯೂವಲ್ಲಿಗೆಂದು ಬಂದ ಅದೇ ಏಜೆಂಟರ ಕಾರು ನಮ್ಮ ಹೊಲದ ಪಕ್ಕದ ಕೆಸರಿನಲ್ಲಿ ಹೂತುಕೊಂಡಿತು. ಟ್ರ್ಯಾಕ್ಟರ್ ತನ್ನಿ ಎಂದರು. ಅಪ್ಪ ವಿನಯದಿಂದ ಕೈಮುಗಿದ.

"ಕಾರು ಎಳೆಯೋದು ವ್ಯವಸಾಯ ಅಲ್ಲ ಅಂತ ನೀವೇ ಯೋಳಿದ್ರಲ್ಲ ಸಾ. ಎತ್ತು ತತ್ತೀನಿ ಬುಡಿ."

ಎತ್ತುಗಳು ಕಾರನ್ನು ಮೇಲಕ್ಕೇನೋ ತಂದವು, ಆದರೆ ನಿಲ್ಲಲಿಲ್ಲ. ಕೆಲಸ ಮುಗಿದರೆ ಸೀದಾ ಮನೆ ಸೇರುವುದು ಅವುಗಳ ರೂಢಿ. ಒಳಗೆ ಕೂತಿದ್ದ ಏಜೆಂಟರಿಗೆ ಹಳೆಯ ಕಥೆ ನೆನಪಿತ್ತು, ಬಂಪರ್ ಕಿತ್ತು ಬಂದೀತೆಂದು ಬ್ರೇಕ್ ಒತ್ತಲಿಲ್ಲ. ಊರೆಲ್ಲ ನೋಡುತ್ತಿರುವಾಗ ಮೆರವಣಿಗೆ ನಮ್ಮ ಹಿತ್ತಲಿಗೆ ಬಂತು. ಎತ್ತುಗಳು ತಿಪ್ಪೆಗುಂಡಿಯನ್ನು ಬಳಸಿಕೊಂಡು ಕೊಟ್ಟಿಗೆ ಕಡೆ ತಿರುಗಿದವು. ಕಾರು ತಿರುಗಲಿಲ್ಲ, ಮೂತಿ ಮುಂದಾಗಿ ಗುಂಡಿಗೆ ಇಳಿಯಿತು.

ಏಜೆಂಟರು ಮೂಗು ಮುಚ್ಚಿಕೊಂಡು ಕಿಟಕಿ ಇಳಿಸಿದರು.

"ಟ್ರ್ಯಾಕ್ಟರ್ ತನ್ನಿ ಯಜಮಾನ್ರೇ. ತಿಪ್ಪೆಯಿಂದ ಎಳೆಯೋದು ವ್ಯವಸಾಯಾನೇ. ಬೇಕಾದ್ರೆ ಬರೆದುಕೊಡ್ತೀನಿ."

ಅಪ್ಪ ಅದೇ ಹಳೆಯ ಹಗ್ಗ ತಂದು ಕಿಟಕಿಯೊಳಗೆ ಕೊಟ್ಟ.

"ಬರೆಯೋದು ಆಮೇಲಾಗ್ಲಿ ಸಾ. ಮೊದ್ಲು ಇಳಿದು ಗಂಟಾಕಿ."