ಶಿವರಾಮ ಮೇಷ್ಟ್ರ ಒಂಟಿ ಯುಗಾದಿ

“ಈ ಯುಗಾದಿಗೆ ನಾ ಊರಿಗೆ ಬರಾದಿಲ್ಲ ಅಂದ್ರೆ ಬರಾದಿಲ್ಲ! ಬೇಕಾರೆ ಆಕಾಶ ಕಳಚಿ ಬೀಳ್ಲಿ!”

ಶಿವರಾತ್ರಿ ಮುಗಿಸಿಕೊಂಡು ಹೊರಟ ದಿನ, ಜಡೆ ಊರಿನ ಬಸ್ ನಿಲ್ದಾಣದಲ್ಲಿ, ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೂ ಇನ್ನೊಂದನ್ನು ಹುಟ್ಟೂರಿನ ನೆಲದ ಮೇಲೂ ಊರಿ ಶಿವರಾಮ ಮೇಷ್ಟ್ರು ಹೊರಡಿಸಿದ ಘೋಷಣೆ ಇದು. ಕೇಳಿಸಿಕೊಂಡವರು ಇಬ್ಬರೇ. ಒಬ್ಬ ಕಂಡಕ್ಟರ್, ಇನ್ನೊಬ್ಬಳು ಹೆಂಡತಿ ಹಾಲಮ್ಮ. ಕಂಡಕ್ಟರ್ ನಂಬಿದ.

“ನೋಡಾನ” ಅಂದಳು ಹಾಲಮ್ಮ.

ಆ ‘ನೋಡಾನ’ ಮೇಷ್ಟ್ರ ಎದೆಗೆ ನಾಟಿತು. ನಾಟದೆ ಏನು ಮಾಡೀತು? ನಲವತ್ತು ದಾಟಿದ ಗಂಡಸು. ಊರ ಹತ್ತಿರದ ಖಾಸಗಿ ಶಾಲೆಯಲ್ಲಿ ತಲೆಗೂದಲು ಉದುರುವ ತನಕ ಗಣಿತ ಹೇಳಿಕೊಟ್ಟವರು. ಹೋದ ವರ್ಷ ಹೊಸ ಆಡಳಿತ ಮಂಡಳಿ ಬಂತು. ಕರೆದು ಕೂರಿಸಿ, ಕಾಫಿ ಕೊಟ್ಟು, “ಬಿ.ಎಡ್. ಮಾಡಿಕೊಂಡು ಬನ್ನಿ ಸಾರ್, ಇಲ್ಲಾಂದ್ರೆ ಬರಲೇಬೇಡಿ” ಅಂದುಬಿಟ್ಟರು. ಕಾಫಿ ಅರ್ಧಕ್ಕೇ ನಿಂತಿತು. ಮೇಷ್ಟ್ರು ಶಿಕಾರಿಪುರದ ಒಂದು ಕಾಲೇಜು ಸೇರಿದರು. ನೀಲಾಂಬಿಕಮ್ಮನವರ ಮನೆಯ ಮಹಡಿ ರೂಮಿನಲ್ಲಿ, ಮೀಸೆ ಇನ್ನೂ ಗಟ್ಟಿಯಾಗದ ಸಿಂಧನೂರಿನ ನವೀನನ ಜೊತೆಗೆ, ಅವರ ವಿದ್ಯಾರ್ಥಿ ಜೀವನದ ಎರಡನೇ ಅಧ್ಯಾಯ ಶುರುವಾಯಿತು.

ಜಡೆಗೂ ಶಿಕಾರಿಪುರಕ್ಕೂ ಎಷ್ಟು ದೂರ? ಬಸ್ಸಿನವರನ್ನು ಕೇಳಿದರೆ ಎರಡು ಬಸ್ಸು ಹಿಡಿಯಬೇಕು ಅನ್ನುತ್ತಾರೆ. ಮೇಷ್ಟ್ರನ್ನು ಕೇಳಿದರೆ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಮದುವೆಯಾದ ಮೇಲೆ ಒಂದು ರಾತ್ರಿಯೂ ಬೇರೆ ಊರಲ್ಲಿ ಮಲಗದ ಜೀವ! ನೆಂಟರ ಮನೆಗೆ ಹೋದರೂ ಉಂಡ ಕೈ ಒಣಗುವುದರೊಳಗೆ ವಾಪಸ್ ಬಸ್ಸು ಹತ್ತಿದ ಜೀವ! ಇಂಥವರಿಗೆ ಶಿಕಾರಿಪುರವೂ ಒಂದೇ, ಅಮೆರಿಕವೂ ಒಂದೇ. ಮೊದಮೊದಲು ಹೊಟ್ಟೆನೋವು, ತಲೆನೋವು, ಸೋದರಮಾವನ ತಿಥಿ ಎಂದೆಲ್ಲ ನೆಪ ಹೇಳಿ ಊರಿಗೆ ಓಡಿದರು. ಹಾಲಮ್ಮ ಬಾಗಿಲಲ್ಲೇ ತಡೆದಳು.

“ಮಕ್ಳು ಹಾಸ್ಟೆಲ್ ಬಿಟ್ಟು ಓಡಿ ಬರಾದು ಕೇಳಿದ್ದೆ. ಗಂಡ ಓಡಿ ಬರಾದು ಇದೇ ಮೊದ್ಲು! ಎಂತ ಅಂತೀನಿ ನಾ ಕೇರಿಯೋರಿಗೆ? ಹೊರಡಿ, ಹೊರಡಿ!”

ಆಮೇಲೆ ಪ್ರಿನ್ಸಿಪಾಲರೂ ಕರೆದರು. “ಹಾಜರಾತಿ ತಳ ಕಂಡಿದೆ. ಇನ್ನೊಂದು ದಿನ ತಪ್ಪಿಸಿದರೂ ಪರೀಕ್ಷೆಗೆ ಕೂರಿಸುವುದಿಲ್ಲ.” ಪರೀಕ್ಷೆ ಇಲ್ಲದಿದ್ದರೆ ಬಿ.ಎಡ್. ಇಲ್ಲ, ಬಿ.ಎಡ್. ಇಲ್ಲದಿದ್ದರೆ ಕೆಲಸ ಇಲ್ಲ. ಪರೀಕ್ಷೆಯನ್ನೋ, ಯಾವ ಪುಣ್ಯಾತ್ಮ ನಿಗದಿ ಮಾಡಿದನೋ, ಯುಗಾದಿಯ ಮೂರನೇ ದಿನಕ್ಕೇ ಇಟ್ಟಿದ್ದರು. ಊರಿಗೆ ಹೋದರೆ ತಾನು ಮತ್ತೆ ಈ ಕಡೆ ಮುಖ ಹಾಕುವುದಿಲ್ಲವೆಂಬುದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಆ ಭೀಷ್ಮ ಪ್ರತಿಜ್ಞೆ.

ಮೇಷ್ಟ್ರ ತಾಯಿ ವರದಮ್ಮನವರದು ಒಂದು ಶಾಸ್ತ್ರವಿತ್ತು. “ಯುಗಾದಿ ದಿನ ಎಂತ ಮಾಡ್ತೀಯೋ, ವರ್ಷ ಪೂರ್ತಿ ಅದೇ ಮಾಡ್ತೀಯ.” ಹಬ್ಬದ ದಿನ ಅತ್ತರೆ ವರ್ಷವೆಲ್ಲ ಅಳು, ಬೈಸಿಕೊಂಡರೆ ವರ್ಷವೆಲ್ಲ ಬೈಗುಳ. ಮೇಷ್ಟ್ರು ಭರ್ಜರಿ ಯೋಜನೆ ಹಾಕಿದರು: ಬೆಳಗ್ಗೆ ಬೇಗ ಏಳುವುದು, ಎಣ್ಣೆ ಸ್ನಾನ ಮಾಡುವುದು, ಬೇವು ಬೆಲ್ಲ ತಿನ್ನುವುದು, ಓದುವುದು, ದಿನವಿಡೀ ನಗುತ್ತಿರುವುದು. ಮುಖ್ಯವಾಗಿ, ಅಳಬಾರದು!

ನವೀನ ಹಿಂದಿನ ದಿನವೇ ಓದಲೆಂದು ಗೆಳೆಯರ ರೂಮಿಗೆ ಹೋಗಿದ್ದ. ಹಬ್ಬದ ಬೆಳಗ್ಗೆ ಮೇಷ್ಟ್ರು ಒಬ್ಬರೇ ಎದ್ದು ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ಬಳಿದುಕೊಂಡರು. ಊರಿನ ಮನೆಯಲ್ಲಾದರೆ ಒಲೆಯ ಮೇಲೆ ತಾಮ್ರದ ಹಂಡೆ. ಅದರ ತುಂಬ ಬೇವಿನ ಸೊಪ್ಪು ತುರುಕಿ ನೀರು ಕಾಯಿಸುತ್ತಾರೆ. ಇಲ್ಲಿರುವುದು ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ನೇತುಬಿಡುವ ಕರೆಂಟಿನ ಕಾಯಿಲ್. ಇರಲಿ, ಸಂಪ್ರದಾಯ ಬಿಡಲಾದೀತೆ? ಮೇಷ್ಟ್ರು ಹಂಡೆಗೆ ಹಾಕುವಷ್ಟೇ ಸೊಪ್ಪನ್ನು ಬಕೆಟ್ಟಿಗೆ ತುರುಕಿ ಸ್ವಿಚ್ ಹಾಕಿ, ಹೆಂಡತಿಗೆ ಫೋನ್ ಹಚ್ಚಿದರು.

“ಕೇಳಿಲ್ಲಿ, ಬೇವಿನ ಸೊಪ್ಪಿನ ನೀರು ಕಾಯ್ತಾ ಐತೆ. ಎಂತ ತಿಳ್ಕಂಡಿದ್ದೀಯ ನನ್ನ?”

“ಕಾಯಿಲಿನ ಬಕೀಟಿಗೆ ಯಾರಾದ್ರೂ ಸೊಪ್ಪು ಹಾಕ್ತಾರ?”

“ನಿಂಗೆಂತ ಗೊತ್ತು ಸೈನ್ಸು!”

ಸೈನ್ಸು ಉತ್ತರ ಕೊಟ್ಟಿತು. ಉಬ್ಬಿದ ಸೊಪ್ಪು ಕಾಯಿಲನ್ನು ನೀರಿನಿಂದ ಮೇಲಕ್ಕೆ ಎತ್ತಿತ್ತು. ಡಬ್! ಸುಟ್ಟ ವಾಸನೆ ಬಂತು, ಇಡೀ ಮನೆಯ ಕರೆಂಟ್ ಹೋಯಿತು. ಕೆಳಗೆ ಗುರ್ರೆನ್ನುತ್ತಿದ್ದ ಮಿಕ್ಸಿ ಥಟ್ಟನೆ ನಿಂತು, ಅದರ ಜಾಗದಲ್ಲಿ ನೀಲಾಂಬಿಕಮ್ಮನವರ ದನಿ ಎದ್ದಿತು.

“ಯಾರ್ರೀ ಅದು ಕರೆಂಟ್ ಕಳದೋರು? ಹೂರಣ ಅರ್ಧಕ್ಕ ನಿಂತೈತಿ!”

ಮೇಷ್ಟ್ರು ಟವೆಲಿನಲ್ಲೇ, ಎಣ್ಣೆ ಸುರಿಸುತ್ತಾ ಕೆಳಗಿಳಿದರು. ಅಷ್ಟರಲ್ಲಿ ನೀಲಾಂಬಿಕಮ್ಮನವರು ಲೈನ್‌ಮನ್‌ಗೆ ಫೋನ್ ಮಾಡಿ ಆಗಿತ್ತು. “ಹಬ್ಬ ಮುಗಿಸ್ಕಂಡು ಬರ್ತೀನ್ರಿ” ಎಂದಿದ್ದನಂತೆ ಆತ.

“ಮಧ್ಯಾಹ್ನಕ್ಕ ದಾವಣಗೆರಿ ಬೀಗರು ಬರ್ತಾರ್ರೀ! ಹೊಸ ಬೀಗರು! ಏನ್ ಬಡಸ್ಲಿ ನಾನು?”

“ಒರಳುಕಲ್ಲು ಐತಲ್ಲಮ್ಮ. ನಾ ರುಬ್ಬಿಕೊಡ್ತೀನಿ.”

“ಸ್ನಾನ ಆಗೈತೇನ್ರಿ?”

“ಅರ್ಧ ಆಗೈತೆ.”

ಬೇರೆ ದಾರಿಯಿಲ್ಲದೆ ನೀಲಾಂಬಿಕಮ್ಮ, “ಕೈನಾರ ತೊಳ್ಕಂಡು ಕೂಡ್ರಿ” ಎಂದು ಒಳಗೆ ಹೋದರು. ಮೇಷ್ಟ್ರು ಕೈ ತೊಳೆದರು. ಕೈ ಮಾತ್ರ! ಮಾಡಿದ ತಪ್ಪನ್ನು ತಿದ್ದಿಕೊಳ್ಳುವ ಆವೇಶದಲ್ಲಿ ಗುಂಡನ್ನು ಗರಗರ ತಿರುಗಿಸಿದರು. ಮೈ ಬೆವರಿತು. ಬೆವರಿನ ಜೊತೆ ಹರಳೆಣ್ಣೆ ನೆತ್ತಿಯಿಂದ ಕಿವಿಗೆ, ಕಿವಿಯಿಂದ ಗದ್ದಕ್ಕೆ, ಗದ್ದದಿಂದ ನೇರ ಒರಳಿಗೆ ಇಳಿಯಿತು. ಹೂರಣ ನುಣ್ಣಗೆ ಹೊಳೆಯತೊಡಗಿತು. ಅದು ತನ್ನ ಕೈಗುಣವೆಂದು ಮೇಷ್ಟ್ರು ಹಿಗ್ಗಿದರು.

ನೀಲಾಂಬಿಕಮ್ಮ ಬಂದು ಚಿಟಿಕೆ ಹೂರಣ ಮೂಸಿದರು. ಮೇಷ್ಟ್ರ ಗದ್ದ ನೋಡಿದರು. ಮತ್ತೆ ಮೂಸಿದರು.

“ಮೇಷ್ಟ್ರೇ! ಹರಳೆಣ್ಣಿ!”

“ಒಂದೆರಡು ಹನಿ ಬಿದ್ದಿರ್ಬಹುದಮ್ಮ. ಹೊಟ್ಟೆಗೆ ಒಳ್ಳೇದೇ...”

“ಹೊಸ ಬೀಗರಿಗೆ ಹರಳೆಣ್ಣಿ ಹೋಳಿಗಿ ತಿನ್ಸಿ ಕಳಸ್ಲೇನ್ರಿ? ದಾವಣಗೆರಿ ಮುಟ್ಟೋದ್ರಾಗ ಬಸ್ಸು ಎಷ್ಟು ಕಡೆ ನಿಲ್ಲಿಸ್ಬೇಕಾಗ್ತೈತಿ, ನೀವ ಹೇಳ್ರಿ!”

ಹೂರಣವನ್ನು ಹಿತ್ತಿಲಿನ ಎಮ್ಮೆಗೆ ಇಟ್ಟರು. ಎಮ್ಮೆ ಮೂಸಿ ಮುಖ ತಿರುಗಿಸಿತು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ಮನೆಯಲ್ಲಿದ್ದ ಬೇಳೆ ಮುಗಿದಿತ್ತು. ನೀಲಾಂಬಿಕಮ್ಮನವರ ಗಂಡ, ಮಂಡಿ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಮನೆಯಲ್ಲಿ, ಅವರ ವಂಶದ ಇತಿಹಾಸದಲ್ಲೇ ಮೊದಲ ಸಲ, ಯುಗಾದಿ ದಿನ ಬೀಗರಿಗೆ ಉಪ್ಪಿಟ್ಟು ಬಡಿಸಲಾಯಿತು. ಮಹಡಿಯ ರೂಮಿಗೆ ಅದೂ ಬರಲಿಲ್ಲ.

ಮೇಷ್ಟ್ರು ತಣ್ಣೀರು ಸುರಿದುಕೊಂಡರು. ತಣ್ಣೀರಿಗೆ ಹರಳೆಣ್ಣೆ ಜಗ್ಗುತ್ತದೆಯೇ? ಸೀಗೆಪುಡಿ ತಿಕ್ಕಿದರೆ ಅದು ಕಣ್ಣಿಗೆ ಹೋಯಿತು. ದಳದಳ ನೀರು! “ಇದು ಅಳು ಅಲ್ಲ, ಸೀಗೆಪುಡಿ” ಎಂದು ತಮಗೆ ತಾವೇ ಸಮಜಾಯಿಷಿ ಕೊಟ್ಟರು. ಬೇವು ಬೆಲ್ಲಕ್ಕೆ ಕೂತರೆ ಬೆಲ್ಲದ ಡಬ್ಬಿಗೆ ಇರುವೆ ಮುತ್ತಿತ್ತು. ಬರೀ ಬೇವು ಜಗಿದು ನೀರು ಕುಡಿದರು. ಪುಸ್ತಕ ಹಿಡಿದು ಹಾಸಿಗೆಗೆ ಒರಗಿದವರು ನಿದ್ದೆಹೋದರು. ಎದ್ದಾಗ ‘ಹದಿಹರೆಯದವರ ಮಾನಸಿಕ ಸಮಸ್ಯೆಗಳು’ ಪುಟ ಅವರ ಎಣ್ಣೆಗೆನ್ನೆಗೆ ಅಂಟಿಕೊಂಡಿತ್ತು. ಅಷ್ಟರಲ್ಲಿ ಫೋನು.

“ಹೋಳಿಗೆ ಆತಾ?” ಹಾಲಮ್ಮ ಕೇಳಿದಳು.

“ಆತು ಆತು! ಓನರಮ್ಮ ಬಿಡ್ಲೇ ಇಲ್ಲ, ಬಡಿಸಿದ್ದೇ ಬಡಿಸಿದ್ದು!”

“ದನಿ ಎಂತಕ್ಕೆ ಹಂಗೈತೆ?”

“ತುಪ್ಪ ಜಾಸ್ತಿ ಆತು.”

“ನಿಮ್ಮ ಮಗಳು ನಿಮ್ಗೂ ಒಂದು ಎಲೆ ಹಾಕ್ಸಿದ್ಲು. ಯಾರೂ ಕೂತ್ಕಳಂಗಿಲ್ಲ ಅಲ್ಲಿ ಅಂತ ಹಟ. ಎಲೆ ಹಂಗೇ ಐತೆ.”

ಮೇಷ್ಟ್ರು ಫೋನ್ ಇಟ್ಟು ಅತ್ತರು. ಈ ಸಲ ಸೀಗೆಪುಡಿಯ ಮೇಲೆ ಹೊರಿಸುವಂತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ, ಅಂಟಂಟು ಮೈಯಲ್ಲಿ, ಟವೆಲು ಬಾಯಿಗೆ ಒತ್ತಿಕೊಂಡು ಅತ್ತರು. ಸಂಜೆ ಕೂತು ವರ್ಷದ ಲೆಕ್ಕ ಹಾಕಿದರು. ಬೈಸಿಕೊಂಡದ್ದಾಯಿತು, ಸುಳ್ಳು ಹೇಳಿದ್ದಾಯಿತು, ಪುಸ್ತಕದ ಮೇಲೆ ನಿದ್ದೆ ಮಾಡಿದ್ದಾಯಿತು, ಅತ್ತದ್ದಾಯಿತು. ತಾಯಿಯ ಶಾಸ್ತ್ರದ ಪ್ರಕಾರ ವರ್ಷವಿಡೀ ಇದೇ! ಹಳೆಯ ವರ್ಷವಾದರೂ ಏನು ಸುಖ ಕೊಟ್ಟಿತ್ತು? ಇಷ್ಟು ವರ್ಷ ಪಾಠ ಹೇಳಿದ ಮೇಷ್ಟ್ರ ಬಿ.ಎಡ್. ಅಭ್ಯಾಸ ಪಾಠ ಕೇಳಿ, ಅವರ ಹಳೇ ಶಿಷ್ಯನ ವಯಸ್ಸಿನ ಲೆಕ್ಚರರ್ ಒಬ್ಬ ‘ಸುಧಾರಿಸಬೇಕು’ ಎಂದು ಬರೆದಿದ್ದ. ಈ ಪರೀಕ್ಷೆಯಲ್ಲಿ ಫೇಲಾದರೆ ಮಗಳ ಶಾಲೆಯ ಮುಂದೆ ಯಾವ ಮುಖ ಇಟ್ಟುಕೊಂಡು ಓಡಾಡುವುದು? ಓದಿಯಂತೂ ಪಾಸಾಗುವ ಲಕ್ಷಣವಿಲ್ಲ. ಸಾಕು, ಈ ಓದೂ ಸಾಕು, ಈ ಕೆಲಸವೂ ಸಾಕು ಅನ್ನಿಸಿಬಿಟ್ಟಿತು.

ಮರುದಿನ ಸಂಜೆ ಬ್ಯಾಗು ಕಟ್ಟಿದರು. ಯುಗಾದಿಯ ಮರುದಿನ ಚಂದ್ರನ ದರ್ಶನ. ಊರಿಗೆ ಊರೇ ತಾರಸಿ ಹತ್ತಿ ಪಡುವಣಕ್ಕೆ ಮುಖ ಮಾಡಿ ನಿಂತಿರುತ್ತದೆ; ಓಡಿಹೋಗುವವನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಊರ ಕಡೆಯ ಕೊನೇ ಬಸ್ಸು ಇದೇ ಹೊತ್ತಿಗೆ, ಬೀದಿಯ ತುದಿಯಲ್ಲೇ ಹಾದುಹೋಗುತ್ತದೆ. ಇದು ತಪ್ಪಿದರೆ ಮುಂದೆ ಬದಲಿಸಬೇಕಾದ ಜಡೆಯ ಬಸ್ಸೂ ಸಿಗುವುದಿಲ್ಲ. ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಮೆಟ್ಟಿಲಿಳಿದು ಗೇಟು ಮುಟ್ಟಿದರು. ಆಗ ತಾರಸಿಯಿಂದ ಕೂಗು ಬಂತು.

“ಕಂಡ! ಕಂಡ! ಸರ, ನಿಲ್ರಿ!”

ಸಿಕ್ಕಿಬಿದ್ದೆ ಎಂದುಕೊಂಡರು ಮೇಷ್ಟ್ರು. ನವೀನ ಓಡಿಬಂದ. ಅವನ ಹಿಂದೆ, ಹಬ್ಬಕ್ಕೆ ಊರಿಗೆ ಹೋಗಲಾಗದೆ ಉಳಿದ ಹುಡುಗರ ಹಿಂಡೇ ಬಂತು. ಬೀದರಿನವನು, ರಾಯಚೂರಿನವನು, ಇನ್ನೊಬ್ಬ ಕೊಳ್ಳೇಗಾಲದವನು.

“ಚಂದ್ರನ್ನ ನೋಡಿದ್ವಿ ಸರ. ನಮ್ಮೂರಾಗ ಇದ್ದಿದ್ರ ಓಣಿ ತುಂಬ ದೊಡ್ಡೋರ ಕಾಲಿಗೆ ಬೀಳ್ತಿದ್ವಿ. ಇಲ್ಲಿ ನಮಗ ಯಾರದಾರ? ಹಿರ್ಯಾರು ಅಂದ್ರ ನೀವೊಬ್ರ.”

ಹೀಗೆ ಹೇಳಿ ಕಾಲಿಗೆ ಬಿದ್ದೇಬಿಟ್ಟ. ಚಂದ್ರನನ್ನು ನೋಡಿ ಬಂದವರು ಕಾಲಿಗೆ ಬಿದ್ದರೆ ಹರಸದೆ ಹೋಗುವಂತಿಲ್ಲ, ಅದು ರಿವಾಜು. ಮೇಷ್ಟ್ರು ಚಪ್ಪಲಿ ಕೆಳಗೆ ಹಾಕಿ, “ಚೆನ್ನಾಗಿರಪ್ಪ” ಅಂದರು. ಬೀದಿಯ ಆಚೆ ಬಸ್ಸಿನ ಹಾರನ್ ಕೇಳಿಸಿತು. ನವೀನ ಏಳಲಿಲ್ಲ.

“ಸರ, ದಸರಾದಿಂದ ಊರು ನೋಡಿಲ್ಲ. ಪರೀಕ್ಷಾ ಗಿರೀಕ್ಷಾ ಬಿಟ್ಟು ಓಡಿಹೋಗಾಣ ಅನ್ನಸ್ತೈತಿ. ನಿಮ್ಮನ್ನ ನೋಡಿ ಸುಮ್ನಾಗ್ತೀನಿ. ಈ ವಯಸ್ನ್ಯಾಗ ಹೆಂಡ್ರು ಮಕ್ಕಳನ್ನ ಬಿಟ್ಟು ಇವ್ರು ಗಟ್ಯಾಗಿ ಕುಂತಾರಲ್ಲ, ನನಗೇನು ಧಾಡಿ ಅಂತ!”

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ಓಡಬಾರ್ದು ಮಾರಾಯ” ಎಂದರು. ಬ್ಯಾಗನ್ನು ಬೆನ್ನ ಹಿಂದೆ ಸರಿಸಿದರು. “ಓಡಿಹೋದ್ರೆ ಎಂತ ಸಿಗ್ತದೆ? ಧೈರ್ಯವಾಗಿ ಇಲ್ಲೇ ಕೂತು ಓದ್ಬೇಕು.” ಹೇಳುತ್ತಿದ್ದುದು ತಾನೇ ಎಂದು ಅವರಿಗೇ ನಂಬಿಕೆಯಾಗಲಿಲ್ಲ. ನವೀನ ಕಣ್ಣೊರೆಸಿಕೊಂಡು ಎದ್ದ.

“ಬ್ಯಾಗ್ಯಾಕ್ರಿ ಸರ?”

“ಬಟ್ಟೆ... ಇಸ್ತ್ರಿಗೆ.”

“ನೀವ್ಯಾಕ ಹೋಗ್ತೀರಿ? ತರ್ರಿ ಇಲ್ಲಿ!”

ಕೈಯಿಂದ ಬ್ಯಾಗು ಕಿತ್ತುಕೊಂಡು ಓಡಿಯೇಬಿಟ್ಟ. ಪರ್ಸೂ ಅದರಲ್ಲೇ ಇತ್ತು. ಬೀದರಿನವನು ಬಗ್ಗಿದ, ರಾಯಚೂರಿನವನು ಬಗ್ಗಿದ. ಕೊಳ್ಳೇಗಾಲದವನು ಸಾಷ್ಟಾಂಗ ಹಾಕಿ ಮಲಗಿಕೊಂಡಾಗ ಕೊನೇ ಬಸ್ಸು ಬೀದಿಯ ತುದಿಯನ್ನು ದಾಟಿ ಹೋಯಿತು. ಮೇಷ್ಟ್ರು ಅದರ ಹಿಂದಿನ ಕೆಂಪು ದೀಪ ಮರೆಯಾಗುವ ತನಕ ನೋಡುತ್ತಾ, “ದೀರ್ಘಾಯುಷ್ಮಾನ್ ಭವ” ಅಂದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀಲಾಂಬಿಕಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡರು.

“ಎಲ್ಲಿ ಕಂಡ್ರೋ ಚಂದ್ರನ್ನ?”

“ಅಲ್ಲಿ ಅಮ್ಮಾರ, ಆ ಮರದ ಸಂದ್ಯಾಗ!”

“ಅದು ಮಾರ್ಕೆಟ್ ಯಾರ್ಡಿನ ಕಂಬದ ಲೈಟು! ಚಂದ್ರ ಇವತ್ತು ಮೋಡದಾಗ ಅದಾನ. ನಾಳೆ ಸಂಜಿಗೆ ನೋಡಿ ಮತ್ತ ಕಾಲಿಗೆ ಬೀಳ್ರಿ. ಮೇಷ್ಟ್ರೇ, ನಾಳೆ ಎಲ್ಲೂ ಹೋಗಬ್ಯಾಡ್ರಿ ಮತ್ತ!”

ಮೇಷ್ಟ್ರು ಗೇಟಿನ ಕಲ್ಲಿನ ಮೇಲೆ ಕುಸಿದು ಕೂತರು. ಜೇಬಿನಲ್ಲಿ ಫೋನು ಅದುರಿತು. ಹಾಲಮ್ಮ.

“ಎಲ್ಲಿದೀರಿ?”

“ಇಲ್ಲೇ, ಶಿಕಾರಿಪುರದಲ್ಲಿ. ನಾಳೆ ಪರೀಕ್ಷೆ ಅಲ್ವಾ?”



“ಹೌದಾ? ನೀವು ಕಡೇ ಬಸ್ಸಿಗೆ ಬಂದೇ ಬರ್ತೀರಿ ಅಂತ ನಾನೂ ಮಗಳೂ ಹೋಳಿಗೆ ಬಿಸಿ ಮಾಡ್ಕಂಡು ಬಸ್‌ಸ್ಟಾಂಡಿಗೆ ಬಂದು ಕೂತಿದೀವಿ. ಯಾವತ್ತೂ ಮಾತು ಉಳಿಸ್ಕಳ್ದೋರು, ಇವತ್ತೇ ಉಳಿಸ್ಕಳಾಕೆ ನಿಮ್ಗೆ ಎಂತ ರೋಗ ಬಡಿದಿತ್ರೀ?”