ಮಾವನವರ ಚರಿತ್ರೆ ಮತ್ತು ಆರಿಹೋಗುವ ಕಂಪ್ಯೂಟರ್

ನೆನಪನ್ನು ನಂಬಬಾರದು ಎಂದು ತರಗತಿಯಲ್ಲಿ ಹೇಳುತ್ತಲೇ ಬಂದವನು ನಾನು. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಅದು ವೃತ್ತಿಧರ್ಮ. ಮನುಷ್ಯನ ನೆನಪು ತನಗೆ ಅನುಕೂಲವಾದದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಮನೆಯವರ ತಲೆಗೆ ಕಟ್ಟುತ್ತದೆ. ಅದಕ್ಕೇ ನಾನು ತಪ್ಪದೆ ದಿನಚರಿ ಬರೆಯುತ್ತೇನೆ. ಈ ಕಥೆಯಲ್ಲಿ ಎಲ್ಲಾದರೂ ನಾನು ಗೌರವಸ್ಥನಂತೆ ಕಂಡರೆ, ಆ ಭಾಗವನ್ನು ಮಾತ್ರ ದಯವಿಟ್ಟು ಅನುಮಾನಿಸಿ.

ಎಲ್ಲ ಶುರುವಾದದ್ದು ಜಂಗಮಕೋಟೆಯಲ್ಲಿ, ಮಾವನವರ ಮನೆಯ ಊಟದ ಪಂಕ್ತಿಯಲ್ಲಿ. ಮಾವ ಎಂದರೆ ನನ್ನ ಹೆಂಡತಿ ವಿಮಲಳ ತಂದೆ, ನಿವೃತ್ತ ಪೋಸ್ಟ್ ಮಾಸ್ಟರ್ ನಾರಾಯಣಪ್ಪನವರು. ಅವರಿಗೆ ಎಂಬತ್ತು ತುಂಬುತ್ತಿತ್ತು. ಶಾಂತಿ, ಹೋಮ, ಹೋಳಿಗೆ ಎಲ್ಲ ನಿಶ್ಚಯವಾದ ಮೇಲೆ ಮಾತು ಅವರ ಮದುವೆಯ ಕಡೆ ಹೊರಳಿತು. ಅವತ್ತು ಬಸ್ಸು ಕೆಟ್ಟು ನಿಂತು ಮದುಮಗ ಕಷ್ಟಪಟ್ಟು ಮುಹೂರ್ತಕ್ಕೆ ಬಂದದ್ದು ಎಲ್ಲರಿಗೂ ಗೊತ್ತು. ಯಾವುದರಲ್ಲಿ ಬಂದರು ಎಂಬುದೇ ಜಗಳ.

"ಹಿಪ್ಪುನೇರಳೆ ಸೊಪ್ಪಿನ ಗಾಡಿ ಮೇಲೆ ಬಂದ್ರು. ಪಂಚೆಗೆಲ್ಲ ಎಲೆ ಅಂಟಿತ್ತು, ನಾನೇ ನೋಡಿದ್ದೀನಿ" ಎಂದರು ಅತ್ತೆ.

"ಅತ್ತಿಗೆ, ನಿಮಗೇನು ಗೊತ್ತು? ನೀವು ಒಳಗೆ ತಲೆ ಬಗ್ಗಿಸ್ಕೊಂಡು ಕೂತಿದ್ರಿ. ನಾನು ಸೈಕಲ್ ತುಳಿದೆ, ಅಣ್ಣ ಹಿಂದೆ ಕೂತಿದ್ದ. ನನ್ನ ಮಂಡಿ ಇವತ್ತಿಗೂ ನೋಯುತ್ತೆ" ಎಂದರು ಮಾವನ ತಮ್ಮ, ರಾಮಣ್ಣ ಚಿಕ್ಕಪ್ಪ.

"ಇಬ್ರೂ ಸುಮ್ನಿರ್ರಪ್ಪ. ನಾನು ನಡ್ಕೊಂಡ್ ಬಂದೆ" ಎಂದರು ಮಾವ. "ಕಾಲು ನಂದು!"

ಇತಿಹಾಸದ ಮೇಷ್ಟ್ರು ಇಂಥ ಕಡೆ ಬಾಯಿ ಮುಚ್ಚಿಕೊಂಡು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಬೇಕು. ನಾನು ಕೈ ಎತ್ತಿದೆ. "ಎಲ್ಲರೂ ಕೇಳಿ. ಸತ್ಯ ಅನ್ನೋದು ಒಂದೇ ಇರುತ್ತೆ. ಅದನ್ನ ಹುಡುಕಿ ಮಾವನವರ ಚರಿತ್ರೆ ನಾನು ಬರೀತೀನಿ. ಶಾಂತಿ ದಿನ ಪುಸ್ತಕ ಪ್ರತಿಯೊಬ್ಬರ ಕೈಯಲ್ಲೂ ಇರುತ್ತೆ."

ಮಾವ ತಮ್ಮ ಎಡಗೈಯಿಂದ ನನ್ನ ಎಡಗೈ ಹಿಡಿದುಕೊಂಡರು. ಬಲಗೈಯಲ್ಲಿ ಸಾರನ್ನವಿತ್ತು. "ಬರೀರಿ ಅಳಿಯಂದ್ರೇ. ನನ್ನ ಬಗ್ಗೆ ಇದುವರೆಗೂ ಬರೆದಿರೋದು ಅಂದ್ರೆ ಇಲಾಖೆಯವರ ಮೆಮೋ ಮಾತ್ರ" ಎಂದರು. ಕಣ್ಣು ಒದ್ದೆಯಾಗಿತ್ತು. ಸಾರಿನ ಖಾರಕ್ಕೂ ಇರಬಹುದು. ಆದರೆ ನಾನು ಸಿಕ್ಕಿಬಿದ್ದಿದ್ದೆ.

ಎಂಬತ್ತು ವರ್ಷದ ಬದುಕನ್ನು ಹಳೆಯ ಲ್ಯಾಪ್‌ಟಾಪಿನ ಮೇಲೆ ಬರೆಯಲಾದೀತೆ? ಬೆಂಗಳೂರಿಗೆ ಹೋಗಿ ಒಂದು ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡ ಡೆಸ್ಕ್‌ಟಾಪ್ ಆರಿಸಿದೆ. ಕ್ಯಾಬಿನೆಟ್ಟಿನ ಪಕ್ಕೆ ಪೂರ್ತಿ ಗಾಜು, ಒಳಗೆ ಬಣ್ಣಬಣ್ಣದ ದೀಪ, ತಿರುಗುವ ಫ್ಯಾನುಗಳು.

"ಗೇಮಿಂಗ್, ವಿಡಿಯೋ ಎಡಿಟಿಂಗ್, ಏನ್ ಬೇಕಾದ್ರೂ ಆಗುತ್ತೆ ಸಾರ್" ಎಂದ ಅಂಗಡಿಯವನು.

"ಕನ್ನಡ ಟೈಪಿಂಗ್ ಆಗುತ್ತಾ?"

"ಆಗುತ್ತೆ ಸಾರ್" ಎಂದ, ಸ್ವಲ್ಪ ದುಃಖದಿಂದ.

ಬೆಲೆಯನ್ನು ಕೌಂಟರಿನಲ್ಲಿ ಒಂದೇ ಸಲ ಕೊಟ್ಟೆ. ವಿಮಲಳಿಗೆ ಕಂತಿನಲ್ಲಿ ಹೇಳಿದೆ.

ನಮ್ಮ ಮನೆಯಲ್ಲಿ ಬಟ್ಟೆ ತೊಡದ ಯಂತ್ರವಿಲ್ಲ. ಮಿಕ್ಸಿಗೆ ಗವಸು, ಫ್ರಿಜ್ಜಿನ ತಲೆಗೆ ಹೊದಿಕೆ, ವಾಷಿಂಗ್ ಮೆಷಿನ್ನಿಗೆ ಹೂವಿನ ಚಿತ್ರದ ನಿಲುವಂಗಿ, ರಿಮೋಟಿಗೆ ಪ್ಲಾಸ್ಟಿಕ್ ಅಂಗಿ. ಹಾಗಿರುವಾಗ ಇಷ್ಟು ದುಬಾರಿ ವಸ್ತುವನ್ನು ಬರಿಮೈಯಲ್ಲಿ ಕೂರಿಸಲಾಗುತ್ತದೆಯೆ? ವಿಮಲಳ ಒಂದು ಹಳೆಯ ರೇಷ್ಮೆ ಸೀರೆಯನ್ನು ಟೈಲರಿಗೆ ಕೊಟ್ಟು, ಅಳತೆ ಬರೆಸಿ, ಒಳಗೆ ದಪ್ಪ ಲೈನಿಂಗ್ ಹಾಕಿಸಿ ಕವರ್ ಹೊಲಿಸಿದೆ. ಮುಂದೆ ಬಟನ್ ಒತ್ತಲು ಒಂದು ತೂತು, ಹಿಂದೆ ವೈರುಗಳಿಗೆ ಒಂದು ಸೀಳು. ವಿನ್ಯಾಸ ಪೂರ್ತಿ ನನ್ನದು.

"ಕೆಲಸ ಮಾಡುವಾಗ ಇದನ್ನ ತೆಗೀಬೇಕಲ್ವೇನ್ರೀ?" ಎಂದಳಂತೆ ವಿಮಲ.

"ತೆಗೆದ್ರೆ ಧೂಳು ಕೂರುತ್ತೆ ಕಣೇ. ಅದಕ್ಕೇ ತಾನೆ ತೂತು ಇಡಿಸಿರೋದು" ಎಂದೆನಂತೆ ನಾನು.

ಈ ಸಂಭಾಷಣೆ ನನಗೆ ನೆನಪಿಲ್ಲ. ದಿನಚರಿಯಲ್ಲೂ ಇಲ್ಲ. ಆದರೆ ದಿನಚರಿ ಬರೆಯುವವನು ನಾನೇ ಎಂಬುದನ್ನು ಮರೆಯುವಂತಿಲ್ಲ.

ಹೀಗೆ ರೇಷ್ಮೆ ಉಟ್ಟ ಕಂಪ್ಯೂಟರಿನ ಮುಂದೆ ಕೂತು ಚರಿತ್ರೆಗೆ ಕೈಹಾಕಿದೆ. ಸೀರೆಯೊಳಗಿಂದ ಕೆಂಪು, ನೀಲಿ ಬೆಳಕು ಮಿನುಗುತ್ತಿತ್ತು. ಮಾವ ಹುಟ್ಟಿದರು, ಓದಿದರು, ಅಂಚೆ ಇಲಾಖೆ ಸೇರಿದರು. ಮದುವೆಯ ಹತ್ತಿರ ಬಂದರು. ಪಂಚೆಗೆ ಅಂಟಿದ ಎಲೆಯೇ ಪ್ರಬಲ ಸಾಕ್ಷ್ಯವೆಂದು ತೀರ್ಮಾನಿಸಿ ಸೊಪ್ಪಿನ ಗಾಡಿ ಹತ್ತಿಸಿದೆ. ಗಾಡಿ ಊರ ಹತ್ತಿರ ಬರುತ್ತಿದ್ದಂತೆ ಫ್ಯಾನುಗಳು ಭೋರ್ಗರೆದವು. ಪರದೆ ಕಪ್ಪಾಯಿತು. ಮಾವ, ಗಾಡಿ, ಎತ್ತು, ಸೊಪ್ಪು ಎಲ್ಲ ಹೋಯಿತು!

ಸೇವ್ ಮಾಡಿರಲಿಲ್ಲವೇ ಎಂದು ಕೇಳುತ್ತೀರಿ. ಪತ್ರ ಮುಗಿದ ಮೇಲೆ ತಾನೆ ಸಹಿ ಹಾಕುವುದು? ಸೇವ್ ಕೂಡ ಹಾಗೇ ಎಂದುಕೊಂಡಿದ್ದೆ.

ನೆನಪಿನಿಂದ ಮತ್ತೆ ಬರೆದೆ. ವಿಚಿತ್ರವೆಂದರೆ ಈ ಸಲ ರಾಮಣ್ಣ ಚಿಕ್ಕಪ್ಪನ ಮಂಡಿನೋವೇ ಹೆಚ್ಚು ನಂಬಲರ್ಹವೆನ್ನಿಸಿ, ಮಾವ ಸೈಕಲ್ಲಿನ ಹಿಂದೆ ಕೂತುಬಿಟ್ಟರು. ಮತ್ತೆ ಊರ ಹತ್ತಿರ. ಮತ್ತೆ ಕತ್ತಲೆ.

ರಿಪೇರಿಗೆ ಇಮ್ರಾನ್ ಬಂದ. ಪೇಟೆಯಲ್ಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಟಿರುವವನು. ಅವನು ಗೇಟು ತೆಗೆದ ಸದ್ದಿಗೇ ವಿಮಲ ಓಡಿಹೋಗಿ ಕವರ್ ಕಿತ್ತು ಮಡಿಸಿಟ್ಟಳು. "ಹೊರಗಿನವರ ಮುಂದೆ ಮುಸುಕು ಹಾಕಿ ಕೂರ್ಸೋದಾ? ಅಷ್ಟು ದುಡ್ಡು ಕೊಟ್ಟಿದ್ದೀರಿ, ದೀಪನಾದ್ರೂ ಕಾಣ್ಲಿ!" ನಿಜಕ್ಕೂ ನಮ್ಮ ಪದ್ಧತಿಯೇ ಅದಾಗಿತ್ತು. ಯಾರಾದರೂ ಬಂದರೆ ಮುಸುಕು ತೆಗೆದು ದರ್ಶನ. ಹೋದ ಮೇಲೆ ಮತ್ತೆ ಮುಸುಕು.

ಇಮ್ರಾನ್ ಚಿತ್ರಾನ್ನ ತಿಂದು, ಕಾಫಿ ಕುಡಿದು, ಒಂದು ಸಿನಿಮಾದ ಅರ್ಧ ನೋಡಿದ. ಕಂಪ್ಯೂಟರ್ ಒಮ್ಮೆಯೂ ಕೆಮ್ಮಲಿಲ್ಲ. "ಬೆಂಕಿ ಮೆಷಿನ್ ಸಾರ್! ಏನೂ ತೊಂದರೆ ಇಲ್ಲ" ಎಂದು ಹೋದ. ಕವರ್ ಹಾಕಿ ಕೂತೆ. ಅವನ ಬೈಕು ಪೇಟೆ ಸೇರಿತ್ತೋ ಇಲ್ಲವೋ, ಮಾವ ಮತ್ತೆ ಕತ್ತಲಲ್ಲಿ ಬಿದ್ದರು.

ಅಂದಿನಿಂದ ಕಂಪ್ಯೂಟರಿನ ನಡತೆ ಸ್ಪಷ್ಟವಾಯಿತು. ನೆಂಟರ ಮುಂದೆ ಓಡುತ್ತದೆ, ನನ್ನ ಮುಂದೆ ನಿಲ್ಲುತ್ತದೆ.

"ಎಲ್ಲರ ಮುಂದೆ ಸರಿಯಾಗೇ ಇರುತ್ತಲ್ರೀ" ಎಂದಳು ವಿಮಲ. "ನೀವು ಬರೆದಿದ್ದನ್ನ ಓದಿ ನಿದ್ದೆ ಹೋಗುತ್ತೋ ಏನೋ." ಇಷ್ಟೇ ಅಂದಳೆಂದು ನನ್ನ ನೆನಪು. ಅವಳ ಪ್ರಕಾರ ಇದಕ್ಕಿಂತ ಕಟುವಾಗಿತ್ತು.

ಪಕ್ಕದ ಮನೆಯ ವೆಂಕಟರವಣಪ್ಪನವರು ಹೂವಿನ ಮಂಡಿಯಲ್ಲಿ ದಲ್ಲಾಳಿ. ಅರ್ಧ ಕನ್ನಡ, ಅರ್ಧ ತೆಲುಗು. ಅವರು ಗಾಜಿನ ದೀಪಗಳನ್ನು ನೋಡುತ್ತಲೇ ಕಾರಣ ಹೇಳಿಬಿಟ್ಟರು. "ದಿಷ್ಟಿ ಸಾಮೀ, ದಿಷ್ಟಿ! ಇಂಥಾದ್ದಕ್ಕೆ ಯಾರ ಕಣ್ಣು ಬೀಳಲ್ಲ? ನಾ ಕನ್ನೇ ಪಡಿಂದಿ! ನನ್ನ ಕಣ್ಣೇ ಬಿದ್ದದೆ ಅಂದ್ಮೇಲೆ ಬ್ಯಾರೆಯೋರ್ದು ಬಿಡ್ತದಾ?" ಮರುದಿನ ಮಂಡಿಯಿಂದ ತೊಡೆಗಾತ್ರದ ಚೆಂಡುಹೂವಿನ ಹಾರ ತಂದು, ಕವರಿನ ಮೇಲೆ ಎರಡು ಸುತ್ತು ಸುತ್ತಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ನಾನು ವಿಚಾರವಾದಿ. ಆದರೂ ಬೇಡವೆನ್ನಲಿಲ್ಲ. ಅಂದು ಕಂಪ್ಯೂಟರ್ ಮಾವ ಅಂಚೆ ಇಲಾಖೆ ಸೇರುವ ಮೊದಲೇ ಆರಿತು.

ಆಗ ನಾನು ವೈಜ್ಞಾನಿಕ ವಿಧಾನಕ್ಕೆ ಇಳಿದೆ. ಕವರಿನೊಳಗೆ ಕೈ ತೂರಿಸಿ ಮುಟ್ಟಿ ನೋಡಿದೆ. ಮೈ ಸುಡುತ್ತಿತ್ತು! ಹೊರಗೆ ನಂದಿ ಕಡೆಯಿಂದ ಕೊರೆಯುವ ಗಾಳಿ. ಪಾಪ, ಬೆಂಗಳೂರಿನ ಅಂಗಡಿಯಲ್ಲಿ ಬೆಳೆದದ್ದು. ಎಲ್ಲ ಒಮ್ಮೆಲೇ ಹೊಳೆಯಿತು. ಇದು ಚಳಿಜ್ವರ! ಚಳಿಜ್ವರ ಬಂದವರಿಗೆ ಏನು ಮಾಡುತ್ತೇವೆ? ಹೊದಿಸುತ್ತೇವೆ. ಅಟ್ಟದಿಂದ ಕರಿ ಕಂಬಳಿ ಇಳಿಸಿ, ರೇಷ್ಮೆಯ ಮೇಲೆ, ಹಾರದ ಮೇಲೆ, ನಿಂಬೆಹಣ್ಣಿನ ಮೇಲೆ ಬೆಚ್ಚಗೆ ಹೊದಿಸಿದೆ.

ಅಂದು ಮಾವ ಹುಟ್ಟಲೇ ಇಲ್ಲ.

ಈ ನಡುವೆ ಅವರು ದಿನಾ ಫೋನ್ ಮಾಡುತ್ತಿದ್ದರು. "ಅಳಿಯಂದ್ರೇ, ನಾನು ಎಲ್ಲೀವರೆಗೂ ಬಂದಿದ್ದೀನಿ?"

"ಮದುವೆವರೆಗೂ ಬಂದಿದ್ದೀರಿ ಮಾವ."

ಮಾರನೆಯ ವಾರ: "ಇನ್ನೂ ಮದುವೆ ಆಗ್ಲಿಲ್ವಾ?"

"ದಾರೀಲಿದ್ದೀರಿ ಮಾವ."

"ಬೇಗ ಮಾಡ್ಸಿಪ್ಪ. ನಿಮ್ಮತ್ತೆ ಕಾಯ್ತಿದ್ದಾಳೆ." ನಗುತ್ತಲೇ ಹೇಳಿದರು. ಆದರೆ ಊರಿನವರಿಗೆಲ್ಲ ಪುಸ್ತಕ ಬರುತ್ತದೆಂದು ಹೇಳಿಕೊಂಡು ಬಂದಿದ್ದಾರೆಂದು ಅತ್ತೆ ವಿಮಲಳಿಗೆ ಹೇಳಿದ್ದರು. ನನಗೆ ಅನ್ನ ಇಳಿಯುತ್ತಿರಲಿಲ್ಲ. ಅಷ್ಟಾಗಿ ಇಳಿಯುತ್ತಿರಲಿಲ್ಲ ಎನ್ನುವುದು ಹೆಚ್ಚು ನಿಖರ.

ಮತ್ತೆ ಇಮ್ರಾನನಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್" ಎಂದು ಬಂದವನು ಕ್ಯಾಬಿನೆಟ್ಟನ್ನು ಅಂಗಡಿಗೆ ಹೊತ್ತ. ಹೊರಡುವಾಗ ಕೇಳಿದ, "ಇದ್ರಲ್ಲಿರೋದು ಏನಾದ್ರೂ ಬೇಕಾ ಸಾರ್?"

"ಏನೂ ಬೇಡಪ್ಪ" ಎಂದೆ ಗಾಂಭೀರ್ಯದಿಂದ. ಅಷ್ಟರಲ್ಲಿ ಸೇವ್ ಮಾಡುವುದನ್ನು ಕಲಿತಿದ್ದೆ. ಬರೆದದ್ದನ್ನೆಲ್ಲ ನಾನು ಕಂಡದ್ದು ಪರದೆಯಲ್ಲಿ. ಪರದೆ ಮನೆಯಲ್ಲೇ ಇತ್ತಲ್ಲ!

ಸಂಜೆ ಇಮ್ರಾನ್ ಅದನ್ನು ವಾಪಸು ತಂದ. "ಬೆಳಗಿನಿಂದ ಆನ್ ಇತ್ತು ಸಾರ್, ಒಂದ್ಸಲಾನೂ ಆಫ್ ಆಗಿಲ್ಲ. ಮನೇಲಿ ಯಾರು ಯೂಸ್ ಮಾಡ್ತಾರೆ?"

"ನಾನೇ."

"ಓ" ಎಂದ. ಅಷ್ಟೇ. ಹೆಚ್ಚು ಮಾತನಾಡುವ ಹುಡುಗನಲ್ಲ.

ವೈರು ಜೋಡಿಸಿ ನೋಡಿದರೆ ಪರದೆಯಲ್ಲಿ ಒಂದು ಬೆಟ್ಟ, ಒಂದು ಸರೋವರ. ಮಾವ ಎಲ್ಲೂ ಇಲ್ಲ.

ಕವರ್ ಹಾಕಿ ಬರೆಯಲು ಕೂತರೆ ಕಂಪ್ಯೂಟರ್ ಮತ್ತೆ ಆರತೊಡಗಿತು. ಸೇವ್ ಮೇಲಿದ್ದ ನಂಬಿಕೆ ಹೋಗಿತ್ತು, ಶಾಂತಿಗೆ ದಿನವೂ ಹತ್ತಿರವಾಗಿತ್ತು. ಕೊನೆಗೆ ಒಂದು ಯುದ್ಧತಂತ್ರ ಹೂಡಿದೆ. ಕಂಪ್ಯೂಟರಿಗೆ ಉಸಿರಿರುವಷ್ಟು ಹೊತ್ತು ಬರೆಯುವುದು, ಅದು ಸಾಯುವ ಮೊದಲೇ ಆ ತುಂಡನ್ನು ಪ್ರೆಸ್ಸಿಗೆ ಮೇಲ್ ಮಾಡುವುದು. ಎದ್ದಾಗ ಮತ್ತೆ ಬರೆಯುವುದು. ಹಿಂದಿನ ತುಂಡಿನಲ್ಲಿ ಎಲ್ಲಿಗೆ ನಿಲ್ಲಿಸಿದ್ದೆನೆಂದು ಸರಿಯಾಗಿ ನೆನಪಾಗುತ್ತಿರಲಿಲ್ಲ. ಅನುಮಾನ ಬಂದರೆ ಸ್ವಲ್ಪ ಹಿಂದಿನಿಂದ ಹಿಡಿಯುತ್ತಿದ್ದೆ. ಪ್ರೂಫ್ ನೋಡುತ್ತೀರಾ ಎಂದು ಪ್ರೆಸ್ಸಿನವರು ಕೇಳಿದರು. ಸಮಯವಿಲ್ಲ, ಜೋಡಿಸಿಬಿಡಿ ಎಂದೆ. ಅವರು ಪ್ರಾಮಾಣಿಕರು. ಎಲ್ಲವನ್ನೂ ಜೋಡಿಸಿದರು.

ಶಾಂತಿಯ ದಿನ ಬೆಳಿಗ್ಗೆ ಪುಸ್ತಕದ ಕಟ್ಟು ಜಂಗಮಕೋಟೆಗೇ ಬಂತು. ಹೋಮದ ಹೊಗೆಯ ನಡುವೆ ಒಂದು ಪ್ರತಿ ತೆರೆದೆ. ಆರಂಭದಲ್ಲೇ ಮಾವ ಸೊಪ್ಪಿನ ಗಾಡಿಯಲ್ಲಿ ಮದುವೆಗೆ ಬಂದಿದ್ದರು. ನಾಲ್ಕು ಹಾಳೆ ಮಗುಚಿದೆ. ಸೈಕಲ್ಲಿನಲ್ಲಿ ಬಂದರು. ಕೊನೆಯ ಹತ್ತಿರ, ನಿವೃತ್ತಿಯ ಬೀಳ್ಕೊಡುಗೆ ಮುಗಿದ ಮೇಲೆ, ಮತ್ತೆ ಮದುವೆಗೆ ಬಂದರು. ನಡೆದುಕೊಂಡು! ಪುಸ್ತಕ ಬಚ್ಚಿಡೋಣವೆಂದು ತಿರುಗಿದರೆ, ರಾಮಣ್ಣ ಚಿಕ್ಕಪ್ಪ ಪ್ರತಿಯೊಬ್ಬರ ಕೈಗೂ ಹಂಚಿ ಮುಗಿಸಿದ್ದರು.

ಅಷ್ಟರಲ್ಲಿ ಲೇಖಕರಿಗೆ ಸನ್ಮಾನವೆಂದು ನನ್ನನ್ನು ಎಳೆದು ನಿಲ್ಲಿಸಿದರು. ತಲೆಗೆ ಪೇಟ, ಮೈಗೆ ದಪ್ಪನೆಯ ಶಾಲು. ನೆಂಟರ ಕಡೆಯಿಂದ ಇನ್ನೊಂದು ಶಾಲು. ವೆಂಕಟರವಣಪ್ಪನವರೂ ಬಂದಿದ್ದರು. ಮಂಡಿಯಿಂದ ಬರಿಗೈಯಲ್ಲಿ ಬರುತ್ತಾರೆಯೇ? ಎರಡು ಸುತ್ತು ಹಾರ. ಪಕ್ಕದಲ್ಲಿ ಹೋಮಕುಂಡ. ಕೈಗೆ ಮೈಕು ಕೊಟ್ಟರು.

"ಇಂದು ನಾವೆಲ್ಲ ಗೌರವಿಸುತ್ತಿರುವ, ನನ್ನ ಪೂಜ್ಯ ಮಾವನವರಾದ ಶ್ರೀ…"

ಹೆಸರು ಬರಲಿಲ್ಲ. ಕಿವಿಯೊಳಗೆ ಏನೋ ಭೋರ್ಗರೆಯಿತು. ಎದುರಿಗಿದ್ದ ಮಾವನನ್ನು ನೋಡಿದೆ. ಮುಖ ಗೊತ್ತು. ಹೆಸರಿಲ್ಲ. ಕಣ್ಣಮುಂದೆ ಕಪ್ಪು.

ವಿಮಲ ದಡದಡನೆ ಬಂದಳು. ಹಾರ ಕಿತ್ತಳು, ಶಾಲು ಎಳೆದಳು, ಪೇಟ ತೆಗೆದು ಚಿಕ್ಕಪ್ಪನ ಕೈಗಿಟ್ಟಳು. "ಬೆಂಕಿ ಪಕ್ಕ ನಿಲ್ಸಿ ಇಷ್ಟೆಲ್ಲ ಹೊದಿಸಿದ್ರೆ ಮನುಷ್ಯ ಆಫ್ ಆಗದೆ ಇನ್ನೇನಾಗ್ತಾನೆ? ಸ್ವಲ್ಪ ಗಾಳಿ ಬಿಡ್ರಪ್ಪ!" ಎಂದು ಚರಿತ್ರೆಯ ಪ್ರತಿಯಿಂದಲೇ ಬೀಸತೊಡಗಿದಳು. ತಣ್ಣಗಾಯಿತು.

"…ನಾರಾಯಣಪ್ಪನವರು" ಎಂದೆ. ಚಪ್ಪಾಳೆ ಬಿತ್ತು.

ವಿಮಲಳ ಬೀಸುವ ಕೈ ಇದ್ದಕ್ಕಿದ್ದಂತೆ ನಿಂತಿತು. ಅವಳು ನನ್ನನ್ನು ನೋಡಿದಳು. ನಾನು ಅವಳ ತೋಳಿನ ಮೇಲಿದ್ದ ಶಾಲು ನೋಡಿದೆ.

"ರೀ… ಆ ಕವರ್ರು" ಎಂದಳು ಮೆಲ್ಲಗೆ.

"ಹೂಂ" ಎಂದೆ. "ಕಂಬಳೀನೂ."

ಊಟದ ಹೊತ್ತಿಗೆ ಪುಸ್ತಕವನ್ನು ಎಲ್ಲರೂ ಓದಿದ್ದರು. "ನೋಡಿ, ಗಾಡಿ ಅಂತ ಅಚ್ಚಾಗಿದೆ!" ಎಂದು ಅತ್ತೆ ಬೀಗುತ್ತಿದ್ದರು. ಚಿಕ್ಕಪ್ಪ ಸೈಕಲ್ಲಿನ ಪುಟ ಮಡಿಸಿಕೊಂಡು ಎಲ್ಲರಿಗೂ ತೋರಿಸುತ್ತಿದ್ದರು. ತಂತಮ್ಮ ಪುಟ ಸಿಕ್ಕಿದ ಮೇಲೆ ಮುಂದೆ ಓದುವ ಅಗತ್ಯ ಯಾರಿಗೂ ಕಾಣಲಿಲ್ಲ. ಪೂರ್ತಿ ಓದಿದವರು ಮಾವ ಒಬ್ಬರೇ. ನಾನು ಅವರ ಪಕ್ಕದ ಎಲೆಯ ಮುಂದೆ ಅಪರಾಧಿಯಂತೆ ಕೂತೆ.

"ಅಳಿಯಂದ್ರೇ, ಸತ್ಯ ಒಂದೇ ಅಂದಿದ್ರಿ" ಎಂದರು ಮಾವ.

"ಕ್ಷಮಿಸಿ ಮಾವ."

"ಅಯ್ಯೋ, ಇರ್ಲಿ ಬಿಡ್ರಪ್ಪ. ಮೂರು ಸಲ ಬಂದ್ರೂ ಒಬ್ಬಳನ್ನೇ ಮದುವೆ ಆಗಿದ್ದೀನಿ. ಅಷ್ಟು ಸರಿಯಾಗಿ ಬರೆದಿದ್ದೀರಿ." ಪುಸ್ತಕವನ್ನು ಎದೆಯ ಜೇಬಿಗೆ ತುರುಕಲು ನೋಡಿದರು. ಹಿಡಿಯಲಿಲ್ಲ. ತೊಡೆಯ ಮೇಲಿಟ್ಟುಕೊಂಡೇ ಊಟ ಮಾಡಿದರು.

ಈಗ ಕಂಪ್ಯೂಟರ್ ಬರಿಮೈಯಲ್ಲಿ ದಿನವಿಡೀ ಓಡುತ್ತದೆ, ಒಮ್ಮೆಯೂ ಆರುವುದಿಲ್ಲ. ಬರೆಯಲು ಮಾತ್ರ ನನ್ನಲ್ಲಿ ಏನೂ ಉಳಿದಿಲ್ಲ. ನಿನ್ನೆ ಬೆಳಿಗ್ಗೆ ಚಳಿಯೆಂದು ಆ ಸನ್ಮಾನದ ಶಾಲು ಹೊದ್ದು ಅದರ ಮುಂದೆ ಕೂತಿದ್ದೆ. ಕಾಫಿ ತಂದ ವಿಮಲ ಬಾಗಿಲಲ್ಲೇ ನಿಂತಳು.

"ಮೊದಲು ಅದನ್ನ ತೆಗೀರಿ. ಆಮೇಲೆ ನನ್ನ ಹೆಸರೂ ಮರ್ತುಬಿಡ್ತೀರಿ."

ತೆಗೆದೆ. ಚಳಿಯಾಯಿತು. ಆದರೂ ಎಲ್ಲಕ್ಕಿಂತ ಮೊದಲು ಒಂದು ಪದ ಟೈಪ್ ಮಾಡಿ ಸೇವ್ ಮಾಡಿಕೊಂಡೆ: ವಿಮಲ.