ಕಂಬಳಿ ಹೊದ್ದ ನಸುಗುನ್ನಿ

ನಮ್ಮ ಸೋದರಮಾವನನ್ನು ನೆನೆದರೆ ಸಾಕು, ಬೆಟ್ಟದ ಮೇಲಿನ ನಮ್ಮ ನಂಜನಾಡಿನ ಅರ್ಧ ಊರಿಗೆ ನಗು ಬರುತ್ತದೆ, ಇನ್ನರ್ಧಕ್ಕೆ ಮೈ ತುರಿಸುತ್ತದೆ! ಎರಡಕ್ಕೂ ಕಾರಣ ಒಂದೇ, ನಸುಗುನ್ನಿ.

ನೋಡದವರಿಗಾಗಿ ಹೇಳುತ್ತೇನೆ. ಇದು ಅವರೆಯ ಕುಲದ ಕಾಡುಬಳ್ಳಿ. ಘಾಟಿಯ ಕೆಳಗೆ ಮಸಿನಗುಡಿ ಕಡೆಯ ಕುರುಚಲು ಕಾಡಿನಲ್ಲಿ, ಬೇಲಿಯಲ್ಲಿ, ಹಳ್ಳದ ಬಿದಿರಿನ ಮೇಲೆ, ಮಳೆ ಬಿದ್ದೊಡನೆ ಹಬ್ಬುತ್ತದೆ. ಮೂರು ಮೂರು ಎಲೆ, ಜೋತುಬಿದ್ದ ನೇರಳೆ ಹೂಗೊಂಚಲು, ಕೊಕ್ಕೆಯಂತೆ ಬಾಗಿದ ಕಾಯಿ. ಕಾಯಿಯ ಮೇಲೆಲ್ಲ ಹೊಂಬಣ್ಣದ ಮಖಮಲ್ಲು, ಸುಂಕು ಅನ್ನುವ ನವಿರು ಕೂದಲು. ಆಹಾ ಎಂದು ಸವರಿದಿರೋ, ಮೂರು ಗಂಟೆ ಕುಣಿತ! ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದವನಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಗುದ್ದಲಿ ಹಿಡಿದವನು. ನನಗೆ ಕಲಿಸಿದ್ದು ಮಾವ ಮತ್ತು ನನ್ನ ಸ್ವಂತ ಚರ್ಮ.

ನಮ್ಮ ಮನೆಯಲ್ಲೇ ಇದ್ದ ಮಾವ ಆಲೂಗಡ್ಡೆ ಗಾಡಿ ಹೊಡೆಯುತ್ತಿದ್ದ. ಘಾಟಿ ಇಳಿದಾಗಲೆಲ್ಲ ಎತ್ತು ಬಿಚ್ಚಿ ಈ ಬಳ್ಳಿಯ ಎದುರು ಕೂರುತ್ತಿದ್ದ. "ಸುತ್ತೋದ್ ನೋಡ್ಲಾ, ಯಾವತ್ತೂ ಒಂದೇ ಕಡೀಕೆ!" ನಂಬದೆ ನಾನೊಂದು ಕುಡಿಯನ್ನು ಬಿಚ್ಚಿ ಉಲ್ಟಾ ಸುತ್ತಿಟ್ಟೆ. ಮರುದಿನ ಗಾಡಿ ವಾಪಸು ಬರುವಾಗ ನೋಡಿದರೆ ಅದು ಬಿಚ್ಚಿಕೊಂಡು ತನ್ನ ದಾರಿ ಹಿಡಿದಿತ್ತು. ಮಾವ ಊರಿಗೆಲ್ಲ ಸಾರಿದ: "ನನ್ ಅಳಿಯ ಒಂದು ಬಳ್ಳಿ ಕೈಲಿ ಸೋತ ಕಣ್ರಪ್ಪೋ!"

ನನಗೆ ಹೆಣ್ಣು ನೋಡಲು ಮಸಿನಗುಡಿಗೆ ಹೊರಟಾಗ ಮುಂದಾಳು ಇವನೇ. ದಾರಿಯಲ್ಲಿ ಬೇಲಿಯೊಳಗೆ ಮಾಯವಾಗಿ, ಹಲ್ಲು ಕಿರಿಯುತ್ತಾ ಹೊರಬಂದ. ಹೆಣ್ಣು ಕೇಳಲು ಹೋದ ಹಿರಿಯನು, ಹುಡುಗಿಯ ಅಪ್ಪನಿಗೆ ಶಾಲು ಹೊದಿಸುವುದು ನಮ್ಮಲ್ಲಿ ಪದ್ಧತಿ. ಮಾವ ಬಗಲಿನ ಹೊಸ ಶಾಲು ಬಿಡಿಸಿ ಗತ್ತಿನಿಂದ ಹೊದಿಸಿದ. ನಸುಗುನ್ನಿ ಕಾಯಿಗಳನ್ನು ಬೀಜಕ್ಕೆಂದು ಅದೇ ಶಾಲಿನಲ್ಲಿ ಕಟ್ಟಿ ತಂದು ಚೀಲಕ್ಕೆ ಸುರಿದಿದ್ದನೆಂದು ಯಾರಿಗೆ ಗೊತ್ತು? ಕಾಯಿ ಚೀಲ ಸೇರಿತ್ತು, ಮಖಮಲ್ಲು ಶಾಲಿನಲ್ಲೇ ಉಳಿದಿತ್ತು!

ಹುಡುಗಿಯ ಅಪ್ಪ ಮೊದಲು ಮುಗುಳ್ನಕ್ಕರು. ಆಮೇಲೆ ಕುತ್ತಿಗೆ ಮುಟ್ಟಿಕೊಂಡರು. ಆಮೇಲೆ ಜಗಲಿಯ ಕಂಬಕ್ಕೆ ಬೆನ್ನು ಉಜ್ಜತೊಡಗಿದರು! ಶಾಲು ಬಿಡಿಸಲು ಹೋದ ನನಗೂ ಹತ್ತಿತು, ನನ್ನನ್ನು ಬಿಡಿಸಲು ಬಂದ ಅವಳ ಚಿಕ್ಕಪ್ಪನಿಗೂ ಹತ್ತಿತು. ಸಂಬಂಧ ಮುರಿದೇಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಹುಡುಗಿಯೇ ಹೊರಗೆ ಬಂದಳು, ಕೈಯಲ್ಲಿ ಸಗಣಿ ಬುಟ್ಟಿ!

"ಯಾರೂ ಉಜ್ಜಬ್ಯಾಡಿ! ಇದ ಬಳ್ಕೊಂಡು ಒಣಗಿಸ್ಕಳಿ, ಉದುರಿಸಿದ್ರೆ ಸುಂಕೂ ಉದುರ್ತದೆ." ಕದ್ದು ಬಗಲು ಕೆರೆದುಕೊಳ್ಳುತ್ತಿದ್ದ ಮಾವನ ಕಡೆ ತಿರುಗಿದಳು. "ಗಾಳಿಗೆ ಬೆನ್ನು ಕೊಟ್ಟು ಕೀಳ್ಬೇಕು ಅನ್ನೋದೂ ಗೊತ್ತಿಲ್ವಾ, ದೊಡ್ಡೋರೇ?"

ಸಗಣಿ ಒಣಗುವ ತನಕ ಎರಡೂ ಕಡೆಯವರು ಹೊಸದಾಗಿ ಬಳಿದ ಗೋಡೆಗಳಂತೆ ಸಾಲಾಗಿ ಕೂತೆವು. ಎದ್ದು ಹೋಗುವಂತಿಲ್ಲ ಅಂದಮೇಲೆ ಮಾತಾಡದೆ ಇನ್ನೇನು ಮಾಡುವುದು? ಮದುವೆ ನಿಶ್ಚಯವಾಯಿತು!

ಆದರೆ ನಂಜನಾಡಿನ ಚಳಿ ಅವಳಿಗೆ ಒಗ್ಗಲಿಲ್ಲ. ಹುಲ್ಲಿನ ಮೇಲೆ ಮಂಜು ಗಟ್ಟಿಯಾದ ಮೊದಲ ಮಾಗಿಯಲ್ಲಿ ಅವಳು ಒಲೆಯ ಮುಂದಿನಿಂದ ಏಳಲೇ ಇಲ್ಲ. "ನನ್ನ ಊರಿಗೆ ಬಿಟ್ಬುಡಿ. ಇಲ್ಲಿ ನಂಗೆ ಗುರುತಿರೋ ಒಂದು ಗಿಡಾನೂ ಇಲ್ಲ" ಎಂದಳು. ನಾನೋ ಬೆಟ್ಟವನ್ನೇ ಅಗೆದು ಹೊಲದ ಮೆಟ್ಟಿಲು ಮಾಡಿದವನು. "ಮಳೆಗಾಲ ಕಳೀಲಿ, ಬಿಟ್ಟು ಬರ್ತೀನಿ" ಎಂದು ಇನ್ನಷ್ಟು ಅಗೆದೆ.

ಆ ಮಳೆಗೇ ಮಾವನ ಹುಚ್ಚು ನೆತ್ತಿಗೇರಿತು. ನಮ್ಮ ಒಲೆಯ ಹಿಂದಿನ ಬೆಚ್ಚನೆಯ ಗೋಡೆಯ ಬುಡಕ್ಕೆ ನಸುಗುನ್ನಿ ಬೀಜ ಊರಿದ! ಸಂಜೆಯಾದರೆ ಬಳ್ಳಿಗೆ ಕಂಬಳಿ ಹೊದಿಸುವುದು, ಬಿಸಿಲೇರಿದರೆ ತೆಗೆಯುವುದು. "ತೊಟ್ಟಿಲೂ ಕಟ್ಟು, ಜೋಗುಳ ನಾವ್ ಹೇಳ್ತೀವಿ" ಎಂದು ಊರವರು ನಕ್ಕರು.

"ಹಿತ್ತಲಲ್ಲಿ ತುರಿಕೆ ಬೆಳೀತೀಯಾ ಮಾವ? ಕಿತ್ತು ಬಿಸಾಕ್ತೀನಿ!"

"ಕೀಳು, ಕೀಳು. ಸಗಣಿ ನಾನೇ ಕಲಸ್ಕೊಡ್ತೀನಿ."

ಮಳೆಗಾಲ ಕಳೆಯಿತು. ಅವಳು ಗಂಟು ಕಟ್ಟಿಟ್ಟಳು. ಹೊರಡುವ ಬೆಳಿಗ್ಗೆ ಹುಡುಕಿದರೆ ಹಿತ್ತಲಲ್ಲಿ ನಿಂತಿದ್ದಾಳೆ. ಬಳ್ಳಿಯಲ್ಲಿ ಒಂದೇ ಒಂದು ನೇರಳೆ ಗೊಂಚಲು. "ನೀನೂ ಇಲ್ಲಿಗೇ ಬಂದ್ಯಾ, ಮುಂಡೇದೇ?" ಎಂದು ಅದನ್ನು ಬೈಯುತ್ತಿದ್ದಳು, ನಗುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಳಗೆ ಒಲೆಯ ಮುಂದೆ ಮಾವ ಆಲೂಗಡ್ಡೆಯ ಗೋಣಿಚೀಲ ಹೊದ್ದು ಮುದುಡಿ ಕೂತಿದ್ದ. ಇಷ್ಟು ದಿನ ಬಳ್ಳಿಯ ಮೇಲಿದ್ದದ್ದು ಅವನಿಗಿದ್ದ ಒಂದೇ ಕಂಬಳಿ ಎಂದು ನನಗೆ ತಿಳಿದದ್ದೇ ಆಗ.

"ನಿಂಗೆ ಚಳಿ ಆಗಲ್ವಾ ಮಾವ?"

"ನಾನು ಇಲ್ಲಿಯೋನು ಕಣ್ಲಾ. ಪಾಪ, ಅವೆರಡೂ ಕೆಳಗಿಂದ ಬಂದವು."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅವಳು ಒಳಗೆ ಬಂದಳು. ಕಟ್ಟಿಟ್ಟ ಗಂಟು ಬಿಚ್ಚಿ ತನ್ನ ಕಂಬಳಿ ತೆಗೆದಳು. ಅವನಿಗೆ ಹೊದಿಸುವ ಮುನ್ನ, ಯಾವುದಕ್ಕೂ ಇರಲಿ ಎಂದು, ಗಾಳಿಗೆ ಬೆನ್ನು ಕೊಟ್ಟು ಒಮ್ಮೆ ಚೆನ್ನಾಗಿ ಕೊಡವಿದಳು.